ಬಾಯಿಯ ಕ್ಯಾನ್ಸರ್: ಚಿಕಿತ್ಸೆಯನ್ನು ನಡುವೆ ಬಿಡಬೇಡಿ



ಈ ಸಲ ಬೀಜ ಗೊಬ್ಬರಗಳ ಮಾತನ್ನು ಬದಿಗಿಟ್ಟು ಒಂದು ರೋಗದ ವಿಚಾರ ಬರೆಯುತ್ತಿದ್ದೇನೆ. ಇದು ಬೆಳೆಗೆ ಬರುವ ರೋಗವಲ್ಲ, ಬೆಳೆಗಾರನಿಗೆ ಬರುವ ರೋಗ. ಕಾಪು ಕಡೆಯ ಗದ್ದೆಯ ಹುಣಿಯಲ್ಲಿ ಕೂತವರಾಗಲಿ, ಕಾರ್ಕಳ ಕಡೆಯ ಅಡಿಕೆ ತೋಟದವರಾಗಲಿ, ಕೆಲಸದ ನಡುವೆ ಸ್ವಲ್ಪ ಬಿಡುವಾದರೆ ಮೊದಲು ಕೈ ಹಾಕುವುದು ಎಲೆಯಡಿಕೆಯ ಚೀಲಕ್ಕೆ. ಮನೆಗೆ ಬಂದವರ ಮುಂದೆ ಮೊದಲು ಇಡುವುದೂ ಅದನ್ನೇ. ಆದುದರಿಂದ ಬಾಯಿಯ ಕ್ಯಾನ್ಸರ್ ನಮಗೆ ದೂರದ ಊರಿನ ರೋಗವಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದ ಗಂಡಸರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿಗೇ ಮೊದಲ ಸ್ಥಾನ. ಹೆಂಗಸರಿಗೂ ಇದು ಬರುತ್ತದೆ.

ಈ ರೋಗದ ಹೆಸರು ಕೇಳಿದೊಡನೆ "ಇನ್ನೇನು, ಮುಗಿಯಿತು" ಎಂದು ಕೈ ಚೆಲ್ಲುವವರಿದ್ದಾರೆ. ಅದು ತಪ್ಪು. ಬೇಗ ಕಂಡುಹಿಡಿದರೆ ಗುಣವಾಗುವ ಕ್ಯಾನ್ಸರುಗಳಲ್ಲಿ ಇದೂ ಒಂದು. ಆದರೆ ಇನ್ನೊಂದು ತಪ್ಪು ತಿಳಿವಳಿಕೆಯಿದೆ, ಅದರಿಂದ ಆಗುವ ಹಾನಿಯೂ ಸಣ್ಣದಲ್ಲ. "ಆಪರೇಶನ್ ಆಯಿತು, ಗಡ್ಡೆ ತೆಗೆದರು, ಇನ್ನು ಆಸ್ಪತ್ರೆಯ ಸಹವಾಸ ಸಾಕು" ಎಂಬುದೇ ಅದು.

ಕೊಳೆರೋಗದ ಸಂಗತಿಯನ್ನು ನಿಮಗೆ ನಾನು ಹೇಳಬೇಕಾದ್ದಿಲ್ಲ. ಮೈಸೂರು ಕೃಷಿ ಇಲಾಖೆಯ ಕೋಲ್ಮನ್ ಅವರು ಆ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಇಂದಿಗೂ ನಾವು ನಂಬಿರುವುದು ಮೈಲುತುತ್ತು ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನೇ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮತ್ತೂ ಒಂದು ಸಲ ಹೊಡೆಯಬೇಕು. ಮೊದಲ ಸಿಂಪರಣೆಯ ಮೇಲೆ ಗೊನೆ ಹಸುರಾಗಿಯೇ ಇದೆಯೆಂದು ಎರಡನೆಯದನ್ನು ಬಿಟ್ಟವನ ತೋಟದಲ್ಲಿ ಆಟಿ ತಿಂಗಳಲ್ಲಿ ನೆಲದ ತುಂಬ ಏನು ಬಿದ್ದಿರುತ್ತದೆಂದು ಎಲ್ಲರೂ ಬಲ್ಲರು. ಕ್ಯಾನ್ಸರ್ ಚಿಕಿತ್ಸೆಯೂ ಈ ಒಂದು ವಿಷಯದಲ್ಲಿ ಹಾಗೆಯೇ: ಕಣ್ಣಿಗೆ ಕಾಣದಷ್ಟು ಉಳಿದದ್ದಕ್ಕಾಗಿಯೇ ಎರಡನೆಯ ಸುತ್ತು. ಹೋಲಿಕೆ ಇಲ್ಲಿಗೆ ಸಾಕು. ಮನುಷ್ಯನ ಮೈ ಅಡಿಕೆ ಮರವಲ್ಲ.

ಅಡಿಕೆಯ ಮಾತು ಬಂದದ್ದರಿಂದ ಒಂದು ಅಪ್ರಿಯ ಸತ್ಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೊಗೆಸೊಪ್ಪು ಹಾಕಿದರೆ ಮಾತ್ರ ಅಪಾಯ, ಬರಿಯ ಎಲೆ, ಅಡಿಕೆ, ಸುಣ್ಣ ತಿಂದರೆ ಏನೂ ಇಲ್ಲವೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದೂ, ಅಡಿಕೆಯೇ ಕ್ಯಾನ್ಸರ್ ತರುವ ವಸ್ತುವೆಂದೂ ತೀರ್ಮಾನಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು, ಅದರೊಂದಿಗೆ ಬೀಡಿ ಮತ್ತು ಸಾರಾಯಿ ಸೇರಿದರೆ ಹೇಳುವುದೇ ಬೇಡ. ತೋಟ ಕಡಿಯಿರೆಂದು ನಾನು ಹೇಳುತ್ತಿಲ್ಲ. ಅಡಿಕೆಯ ದರ ಮತ್ತು ಮಾರುಕಟ್ಟೆಯ ವಾದ ಬೇರೆ. ನಿಮ್ಮ ಬಾಯಿಯ ಒಳಪದರಕ್ಕೆ ಆ ವಾದ ತಿಳಿಯದು.

ಮೊದಲು ಕಾಣುವ ಗುರುತುಗಳು

ಬಾಯಿಯೊಳಗಿನ ಹುಣ್ಣು ಎರಡು ಮೂರು ವಾರ ಕಳೆದರೂ ಒಣಗದಿದ್ದರೆ ಅದನ್ನು ತೋರಿಸಬೇಕು. ನೋವಿಲ್ಲವೆಂದು ಸುಮ್ಮನಿರಬಾರದು, ಏಕೆಂದರೆ ಮೊದಮೊದಲು ಇದು ನೋಯುವುದಿಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ನುಂಗುವಾಗ ಕಿವಿಗೆ ಹೊಡೆಯುವ ನೋವು, ಇವೂ ಗುರುತುಗಳೇ. ಅಡಿಕೆ ತಿನ್ನುವವರಲ್ಲಿ ಇನ್ನೊಂದಿದೆ. ಬಾಯಿ ಬರಬರುತ್ತಾ ಗಟ್ಟಿಯಾಗಿ ತೆರೆಯಲಾಗದಂತಾಗುವುದು, ಸ್ವಲ್ಪ ಖಾರ ತಾಗಿದರೂ ಉರಿಯುವುದು. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಿ. ಇದು ಕ್ಯಾನ್ಸರ್ ಅಲ್ಲ, ಆದರೆ ಇಂಥ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು.

ಬಾಯಿ ತೋರಿಸಲು ದೊಡ್ಡ ಯಂತ್ರ ಬೇಡ. ಒಂದು ಟಾರ್ಚು, ತಿಳಿದವರ ಎರಡು ಕಣ್ಣು ಸಾಕು. ಕೇರಳದ ತಿರುವನಂತಪುರದಲ್ಲಿ 1996ರಿಂದ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಶೇಕಡಾ 34ರಷ್ಟು ಕಡಮೆಯಾಯಿತು. ಬರಿಯ ನೋಟದಿಂದ ಇಷ್ಟು! ನಮ್ಮಲ್ಲಿಯೂ 30 ವರ್ಷ ಕಳೆದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ಪರೀಕ್ಷೆಯ ಏರ್ಪಾಡಿದೆ. ಆಶಾ ಕಾರ್ಯಕರ್ತೆಯವರು ಕೇಳಿಕೊಂಡು ಬಂದಾಗ "ನನಗೇನಾಗಿದೆ" ಎಂದು ನಕ್ಕು ಕಳುಹಿಸಬೇಡಿ. ಮಣಿಪಾಲದಲ್ಲಿ 1965ರಿಂದ ದಂತವೈದ್ಯ ಕಾಲೇಜೂ ಇದೆ.

ಚೂರು ತೆಗೆದರೆ ಹರಡುವುದೇ?

ಸಂಶಯ ಬಂದರೆ ವೈದ್ಯರು ಹುಣ್ಣಿನಿಂದ ಒಂದು ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. "ಕತ್ತಿ ತಾಗಿಸಿದರೆ ರೋಗ ಹರಡುತ್ತದೆ, ಮುಟ್ಟಲೇಬಾರದು" ಎಂಬ ಮಾತನ್ನು ನಾನು ಹೋದ ಊರಲ್ಲೆಲ್ಲ ಕೇಳಿದ್ದೇನೆ. ಇದು ನಿಜವಲ್ಲ. ಬಾಯಿಯ ಹುಣ್ಣಿನಿಂದ ಚೂರು ತೆಗೆದದ್ದರಿಂದ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ಹೆದರಿ ಕೂತ ಆ ಮೂರು ನಾಲ್ಕು ತಿಂಗಳಲ್ಲಿ. ಈ ನಡುವೆ ನಾಟಿ ಮದ್ದು, ಲೇಪ ಎಂದು ಒಂದೊಂದನ್ನೇ ನೋಡುತ್ತಾ ಹೋಗುವುದುಂಟು. ಸೊಪ್ಪು ಬೇರುಗಳ ಗುಣ ಬಲ್ಲ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಚೂರು ಪರೀಕ್ಷೆಯಾಗದೆ ಯಾವ ಮದ್ದನ್ನೂ ಹಚ್ಚಬೇಡಿ.

ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಸ್ಕ್ಯಾನ್ ಮಾಡಿ ಅದು ಎಷ್ಟು ದೊಡ್ಡದು, ಎಷ್ಟು ಆಳಕ್ಕಿಳಿದಿದೆ, ಕುತ್ತಿಗೆಯ ಗ್ರಂಥಿಗಳಿಗೆ ಬಂದಿದೆಯೇ, ಶ್ವಾಸಕೋಶದವರೆಗೆ ಹೋಗಿದೆಯೇ ಎಂದು ನೋಡುತ್ತಾರೆ. ಇದರ ಮೇಲೆ ಒಂದರಿಂದ ನಾಲ್ಕು ಹಂತಗಳು. ಎರಡು ಸೆಂಟಿಮೀಟರಿನೊಳಗಿದ್ದು ಆಳಕ್ಕೆ ಇಳಿಯದೆ, ಕುತ್ತಿಗೆಗೂ ಬಾರದೆ ಇದ್ದರೆ ಒಂದನೆಯ ಹಂತ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. "ನಾಲ್ಕನೆಯ ಹಂತ" ಎಂದು ಚೀಟಿಯಲ್ಲಿ ಬರೆದದ್ದನ್ನು ಕಂಡು ಎಷ್ಟೋ ಮನೆಯವರು ರೋಗಿಯನ್ನು ಹಾಗೆಯೇ ಮನೆಗೆ ಕರೆತರುತ್ತಾರೆ. ಬಾಯಿಯ ಕ್ಯಾನ್ಸರಿನಲ್ಲಿ ಹುಣ್ಣು ದವಡೆಯ ಎಲುಬಿನೊಳಕ್ಕೆ ಇಳಿದರೂ ಅದು ನಾಲ್ಕನೆಯ ಹಂತವೇ, ಶ್ವಾಸಕೋಶಕ್ಕೆ ಹರಡಿದರೂ ನಾಲ್ಕನೆಯದೇ. ಎರಡಕ್ಕೂ ಅಜಗಜಾಂತರ. ದವಡೆಗೆ ಬಂದದ್ದನ್ನು ಅನೇಕ ವೇಳೆ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆದು ಗುಣಪಡಿಸುವ ಪ್ರಯತ್ನ ಮಾಡಬಹುದು. ಆದುದರಿಂದ ಸಂಖ್ಯೆ ಕೇಳಿ ಎದೆಗುಂದದೆ, "ಡಾಕ್ಟ್ರೇ, ದೂರದ ಅಂಗಕ್ಕೆ ಹರಡಿದೆಯೇ? ಗುಣಪಡಿಸುವ ಉದ್ದೇಶದಿಂದ ಚಿಕಿತ್ಸೆ ಮಾಡುತ್ತೀರಾ, ಕಷ್ಟ ಕಡಮೆ ಮಾಡಲು ಮಾಡುತ್ತೀರಾ?" ಎಂದು ಬಿಚ್ಚಿ ಕೇಳಿ. ಈ ಒಂದು ಪ್ರಶ್ನೆಯ ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ.

ಚಿಕಿತ್ಸೆಯ ಬಗೆಗಳು

ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಕಟ್ಟಿದ್ದರಿಂದ ನಮ್ಮ ಜಿಲ್ಲೆಗೆ ಒಂದು ದೊಡ್ಡ ಅನುಕೂಲವಾಗಿದೆ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಮೂರೂ ಅಲ್ಲಿಯ ಆಸ್ಪತ್ರೆಯಲ್ಲಿ ಒಂದೇ ಕಡೆ ಸಿಗುತ್ತವೆ. ಮುಂಬಯಿಯ ಟಾಟಾ ಆಸ್ಪತ್ರೆ 1941ರಷ್ಟು ಹಳೆಯದು, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದು. ಅಲ್ಲಿಗೆ ಹೋಗುವವರೂ ಇದ್ದಾರೆ, ಹೋಗಬಾರದೆಂದಿಲ್ಲ. ಆದರೆ ಆರೇಳು ವಾರ ದಿನಾ ಹೋಗಬೇಕಾದ ಚಿಕಿತ್ಸೆಗೆ ಹತ್ತಿರವಿರುವುದೂ ಒಂದು ಗುಣ.

ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದೊಂದಿಗೆ ತೆಗೆಯುತ್ತಾರೆ. ಹೆಚ್ಚು ತೆಗೆಯಬೇಕಾಗಿ ಬಂದರೆ ಎದೆಯಿಂದಲೋ ಮುಂಗೈಯಿಂದಲೋ ಮಾಂಸವನ್ನು, ಕಾಲಿನಿಂದ ಎಲುಬನ್ನು ತಂದು ಆ ಜಾಗ ತುಂಬುತ್ತಾರೆ. "ನಾಲಿಗೆಯಲ್ಲಿ ಹುಣ್ಣು, ಕುತ್ತಿಗೆ ಏಕೆ ಕೊಯ್ಯುವುದು?" ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವರು ನಮ್ಮ ದೇಶದವರೇ. ಟಾಟಾ ಆಸ್ಪತ್ರೆಯ ವೈದ್ಯರು, ಕುತ್ತಿಗೆಯಲ್ಲಿ ಏನೂ ಕಾಣದ ಆರಂಭದ ಹಂತದ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಶಸ್ತ್ರಚಿಕಿತ್ಸೆಯೊಡನೆಯೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ, ಗಂಟು ಕಂಡ ಮೇಲೆ ತೆಗೆಯೋಣವೆಂದು ಕಾದರು. 2015ರಲ್ಲಿ ಪ್ರಕಟವಾದ ಲೆಕ್ಕದಂತೆ ಮೂರು ವರ್ಷಗಳ ಮೇಲೆ ಮೊದಲ ಗುಂಪಿನಲ್ಲಿ ನೂರಕ್ಕೆ 80 ಮಂದಿ ಬದುಕಿದ್ದರು, ಕಾದವರಲ್ಲಿ 67 ಚಿಲ್ಲರೆ. ಕಾಣದ್ದನ್ನು ಮೊದಲೇ ತೆಗೆದುದರ ಲಾಭ ಇದು.

ತೆಗೆದ ಭಾಗವನ್ನು ಮತ್ತೆ ಪರೀಕ್ಷಿಸಿ ವರದಿ ಬರೆಯುತ್ತಾರೆ. ರೋಗ ಚಿಕ್ಕದಾಗಿದ್ದು ಅಂಚುಗಳು ಶುದ್ಧವಾಗಿದ್ದರೆ ಶಸ್ತ್ರಚಿಕಿತ್ಸೆಯಲ್ಲಿಯೇ ಮುಗಿಯಬಹುದು. ಗ್ರಂಥಿಗಳಲ್ಲಿ ರೋಗವಿದ್ದರೆ, ಗಡ್ಡೆ ದೊಡ್ಡದಾಗಿದ್ದರೆ, ಅಂಚು ಶುದ್ಧವಿಲ್ಲದಿದ್ದರೆ ವಿಕಿರಣ ಬೇಕು. ಈ ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದವರು ವರದಿ ಕೇಳಲು ಹೋಗದಿದ್ದರೆ ಎಳೆ ಕಡಿಯುವುದು ಇಲ್ಲಿಯೇ. ವಿಕಿರಣ ಬೇಕೆಂದಾದರೆ ಶಸ್ತ್ರಚಿಕಿತ್ಸೆಯಾದ ಆರು ವಾರಗಳೊಳಗೆ ಅದು ಆರಂಭವಾಗಬೇಕು.

ವಿಕಿರಣದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಡುವೆ ಬಿಡುವವರು ಹೆಚ್ಚಾಗಿ ಇಲ್ಲಿಯೇ. ರಾಂಟ್ಜೆನ್ 1895ರಲ್ಲಿ ಕ್ಷ-ಕಿರಣವನ್ನೂ, ಕ್ಯೂರಿ ದಂಪತಿಗಳು 1898ರಲ್ಲಿ ರೇಡಿಯಮ್ಮನ್ನೂ ಕಂಡುಹಿಡಿದ ಮೇಲೆ ಬೆಳೆದು ಬಂದ ವಿದ್ಯೆಯಿದು. "ಕರೆಂಟು ಕೊಡುವುದು" ಎಂದು ನಮ್ಮಲ್ಲಿ ಹೇಳುತ್ತಾರೆ, ಆದರೆ ಕರೆಂಟು ಮೈಗೆ ತಾಗುವುದಿಲ್ಲ, ಕೊಡುವಾಗ ನೋವೂ ಇಲ್ಲ. ಮುಖ ಅಲುಗದಂತೆ ಅಳತೆಗೆ ಸರಿಯಾದ ಒಂದು ಮುಖವಾಡ ಹಾಕಿ ಮಲಗಿಸುತ್ತಾರೆ. ಕೆಲವು ನಿಮಿಷಗಳ ಕೆಲಸ. ವಾರಕ್ಕೆ 5 ದಿನ, ಒಟ್ಟು 30ರಿಂದ 35 ಸಲ, ಅಂದರೆ ಆರೇಳು ವಾರ.

ಮೊದಲೆರಡು ವಾರ ಏನೂ ಅನಿಸುವುದಿಲ್ಲ. ಮೂರನೆಯ ನಾಲ್ಕನೆಯ ವಾರದಲ್ಲಿ ಬಾಯಿಯೊಳಗೆ ಹುಣ್ಣೇಳುತ್ತದೆ, ಜೊಲ್ಲು ದಪ್ಪವಾಗುತ್ತದೆ, ಅನ್ನದ ರುಚಿ ಹೋಗುತ್ತದೆ, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ. ಆಗ ಮನೆಯವರು, "ಹೋಗುವಾಗ ಚೆನ್ನಾಗಿದ್ದರು, ಇವರೇ ಸುಟ್ಟು ಹಾಕಿದರು" ಎಂದು ನಿಲ್ಲಿಸುತ್ತಾರೆ. ಈ ಕಷ್ಟ ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಹುಣ್ಣು ಮಾಯುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೇಗಬೇಗನೆ ಬೆಳೆಯುತ್ತವೆ. ಬಾಯಿ ಗಂಟಲಿನ ಕ್ಯಾನ್ಸರುಗಳಲ್ಲಿ ವಿಕಿರಣದ ಒಟ್ಟು ಅವಧಿ ಒಂದು ದಿನ ಎಳೆದುಹೋದರೆ ರೋಗ ಹತೋಟಿಗೆ ಬರುವ ಸಂಭವ ಸುಮಾರು ಶೇಕಡಾ ಒಂದರಷ್ಟು ಇಳಿಯುತ್ತದೆಂದು ಅಧ್ಯಯನಗಳಿಂದ ಕಂಡುಬಂದಿದೆ. ನೇಜಿ ನೆಡುವ ಗಡಿಬಿಡಿಯೆಂದು ಒಂದು ವಾರ ತಪ್ಪಿಸಿದರೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ಅನಿವಾರ್ಯವಾಗಿ ಒಂದು ದಿನ ತಪ್ಪಿದರೆ ಮುಚ್ಚಿಡದೆ ಹೇಳಿ, ಅದನ್ನು ಸರಿದೂಗಿಸಲು ಏನು ಮಾಡಬಹುದೆಂದು ವೈದ್ಯರು ನೋಡುತ್ತಾರೆ.

ಕಾರ್ಕಳದಿಂದ ಮಣಿಪಾಲಕ್ಕೆ ಹೋಗಿಬರಲು ಸುಮಾರು 70 ಕಿಲೋಮೀಟರು. 33 ದಿನ ಹೋಗಿ ಬಂದರೆ 2300 ಕಿಲೋಮೀಟರು, ಕಾಶಿಯಾತ್ರೆಯ ದೂರಕ್ಕೆ ಕಡಮೆಯಿಲ್ಲ. ಆದುದರಿಂದ ಆರಂಭಿಸುವ ಮೊದಲೇ ಬಸ್ಸಿನ ವೇಳೆ, ಜೊತೆಗೆ ಹೋಗುವವರ ಸರದಿ, ಹಾಲು ಕರೆಯುವವರು ಯಾರು, ನೀರು ಬಿಡುವವರು ಯಾರು ಎಂದು ಮನೆಯಲ್ಲಿ ಕೂತು ಗೊತ್ತು ಮಾಡಿಕೊಳ್ಳಿ. ನೆರೆಕರೆಯವರೂ ಒಂದೊಂದು ದಿನ ಹೊತ್ತುಕೊಂಡರೆ ಭಾರವಾಗದು. ಮಣಿಪಾಲದ ಹತ್ತಿರ ನೆಂಟರಿದ್ದರೆ ಸಂಕೋಚ ಬಿಟ್ಟು ಕೇಳಿ.

ವಿಕಿರಣಕ್ಕೆ ಮೊದಲು ತಪ್ಪದೆ ಹಲ್ಲು ತೋರಿಸತಕ್ಕದ್ದು. ಹುಳುಕು ಹಲ್ಲನ್ನು ಮೊದಲೇ ಕೀಳಿಸಬೇಕು. ವಿಕಿರಣವಾದ ಮೇಲೆ ದವಡೆಯ ಎಲುಬಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಆಗ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ಕೊಳೆಯುವ ಅಪಾಯವಿದೆ. ಮುಂದೆ ಎಷ್ಟು ವರ್ಷ ಕಳೆದರೂ ಹೊಸ ದಂತವೈದ್ಯರ ಬಳಿ ಹೋದಾಗ "ನನಗೆ ವಿಕಿರಣವಾಗಿದೆ" ಎಂದು ಮೊದಲ ಮಾತಾಗಿ ಹೇಳಬೇಕು.

ಔಷಧ ಚಿಕಿತ್ಸೆ, ಅಂದರೆ ಕೀಮೋ, ಬಾಯಿಯ ಕ್ಯಾನ್ಸರಿನಲ್ಲಿ ಒಂಟಿಯಾಗಿ ಗುಣಪಡಿಸುವುದಿಲ್ಲ. ಅಪಾಯ ಹೆಚ್ಚಿರುವವರಿಗೆ ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಹನಿಹನಿಯಾಗಿ ಕೊಡುತ್ತಾರೆ, ಅದರಿಂದ ವಿಕಿರಣದ ಬಲ ಹೆಚ್ಚುತ್ತದೆ. "ಆಪರೇಶನ್ ಬೇಡ, ಬರಿಯ ಕೀಮೋ ಕೊಡಿ" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ರೋಗ ಮರುಕಳಿಸಿದ, ದೂರಕ್ಕೆ ಹರಡಿದ ರೋಗಿಗಳಿಗೂ ಈಗ ದಾರಿಗಳಿವೆ. ಮೈಯ ರೋಗನಿರೋಧ ಶಕ್ತಿಯನ್ನು ಎಬ್ಬಿಸುವ ನಿವೊಲುಮಾಬ್ ಎಂಬ ಬೆಲೆಬಾಳುವ ಔಷಧವನ್ನು ಬಹು ಸಣ್ಣ ಪ್ರಮಾಣದಲ್ಲಿ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಮಾತ್ರೆಗಳ ಜೊತೆಗೆ ಕೊಟ್ಟು ನೋಡಿದವರೂ ಟಾಟಾ ಆಸ್ಪತ್ರೆಯವರೇ. ಅವರು 2022ರಲ್ಲಿ ಪ್ರಕಟಿಸಿದಂತೆ ಒಂದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 16ರಿಂದ 43ಕ್ಕೆ ಏರಿತು. ತೋಟ ಮಾರಿ ಪೂರ್ಣ ಪ್ರಮಾಣದ ಔಷಧ ತರುವ ಮುನ್ನ ಈ ದಾರಿ ಆದೀತೇ ಎಂದು ಕೇಳಿ ನೋಡಿ. ನೋವಿಗೆ ಮಾರ್ಫಿನ್ ಕೊಡುವ, ಉಪಶಮನ ಮಾಡುವ ವೈದ್ಯರೂ ಇದ್ದಾರೆ. ಅವರ ಬಳಿಗೆ ಕಳುಹಿಸಿದರೆಂದರೆ ಕೈಬಿಟ್ಟರೆಂದು ತಿಳಿಯಬೇಡಿ. ನೋವಿರುವವನಿಗೆ ಚಿಕಿತ್ಸೆಯ ಮೊದಲ ದಿನದಿಂದಲೂ ಅವರ ನೆರವು ಪಡೆಯುವ ಹಕ್ಕಿದೆ.

ಹಣದ ಮಾತು

2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿಯವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಉಳಿದವರಿಗೆ ಗೊತ್ತುಪಡಿಸಿದ ಖರ್ಚಿನ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ನೆರವು. ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಿ ಅಲ್ಲಿಂದ ಶಿಫಾರಸು ಪತ್ರ ತೆಗೆದುಕೊಂಡು ಹೋಗಬೇಕು. ಈ ಒಂದು ಕಾಗದವಿಲ್ಲದೆ ನೇರವಾಗಿ ಹೋಗಿ ಹಣ ಕಟ್ಟಿದ ಮೇಲೆ ಪರದಾಡುವುದುಂಟು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿಯಿರುತ್ತಾರೆ, ಹಣ ಕಟ್ಟುವ ಮೊದಲು ಅವರನ್ನು ಕಾಣಿ. ಮುಂಬಯಿಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರನೊಬ್ಬನಿಗೂ ಟಿಕೇಟಿನಲ್ಲಿ ರಿಯಾಯಿತಿಯಿದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಚಿಕಿತ್ಸೆಯ ದಿನಗಳಲ್ಲಿ ಮನೆಯಲ್ಲಿ

ತೂಕ ಇಳಿಯಬಾರದು. ಇದು ವಿಕಿರಣದಷ್ಟೇ ಮುಖ್ಯ. ಕುಚ್ಚಲಕ್ಕಿಯ ಗಂಜಿ ಒಳ್ಳೆಯದೇ, ಆದರೆ ಬರಿಯ ತಿಳಿಯಲ್ಲಿ ಬಲವಿಲ್ಲ. ಅನ್ನವನ್ನು ನುಣ್ಣಗೆ ಅರೆದು ಹಾಲು, ತುಪ್ಪ, ಬೇಯಿಸಿದ ಹೆಸರುಬೇಳೆ ಸೇರಿಸಿ. ತಿನ್ನುವವರು ಮೊಟ್ಟೆಯನ್ನು, ಮುಳ್ಳು ತೆಗೆದು ಹಿಚುಕಿದ ಮೀನನ್ನು ಖಾರವಿಲ್ಲದೆ ತಿನ್ನಲಿ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಆರೇಳು ಸಲ ಕೊಡಿ. ನುಂಗಲಾಗದಿದ್ದರೆ ಮೂಗಿನ ಮೂಲಕ ಸಣ್ಣ ನಳಿಗೆ ಇಡುತ್ತಾರೆ. ನೋಡುವವರಿಗೆ ಸಂಕಟವೆನಿಸಿದರೂ ಬೇಡವೆನ್ನಬೇಡಿ. ಬಿಸಿ ಮಾಡಿ ಆರಿಸಿದ ನೀರಿಗೆ ಉಪ್ಪು ಮತ್ತು ಅಡಿಗೆ ಸೋಡಾ ಸ್ವಲ್ಪ ಹಾಕಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಬೇಕು.

ಜ್ವರದ ವಿಷಯ ಬೇರೆಯಾಗಿಯೇ ಹೇಳಬೇಕು. ಕೀಮೋ ನಡೆಯುವಾಗ ರಕ್ತದ ಬಿಳಿ ಕಣಗಳು ಕಡಮೆಯಾಗುತ್ತವೆ. ಆಗ 100.4 ಡಿಗ್ರಿ ಅಥವಾ ಹೆಚ್ಚು ಜ್ವರ ಬಂದರೆ ಅದೇ ದಿನ, ರಾತ್ರಿಯಾದರೂ ಸರಿಯೇ, ಆಸ್ಪತ್ರೆಗೆ ಒಯ್ಯಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಜ್ವರ ಸಾಮಾನ್ಯ. ಕಷಾಯ ಕುಡಿಸಿ ನಾಳೆ ನೋಡೋಣವೆನ್ನುವುದು ಬೇರೆಯವರಿಗೆ ನಡೆಯಬಹುದು, ಈ ರೋಗಿಗೆ ಪ್ರಾಣಕ್ಕೆ ಸಂಚಕಾರ. ಮನೆಯಲ್ಲಿ ಒಂದು ಜ್ವರಮಾಪಕ ಇಟ್ಟುಕೊಳ್ಳಿ.

ಐದು ವರ್ಷಗಳ ತಪಾಸಣೆ

ಚಿಕಿತ್ಸೆ ಮುಗಿದ ದಿನ ರೋಗಿ ಗೆದ್ದುಬಂದಂತೆ ಮನೆಗೆ ಬರುತ್ತಾನೆ. ಸಂತೋಷವೇ. ಆದರೆ ಈ ಕ್ಯಾನ್ಸರ್ ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿಯೇ ಬರುತ್ತದೆ. ಅದಕ್ಕಾಗಿ ಮೊದಲೆರಡು ವರ್ಷ ಎರಡು ಮೂರು ತಿಂಗಳಿಗೊಮ್ಮೆ, ಅನಂತರ ಐದು ವರ್ಷವಾಗುವವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕರೆಯುವುದು ವಾಡಿಕೆ. ನಿಮ್ಮ ವೈದ್ಯರು ಬೇರೆ ಲೆಕ್ಕ ಹೇಳಿದರೆ ಅದೇ ಸರಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬ, ಕೋಲ, ನೇಮಗಳ ತಾರೀಕು ಗುರುತು ಮಾಡಿದಂತೆ ಇದನ್ನೂ ಮಾಡಿ.

"ನೋಡಿದರು, ಮುಟ್ಟಿದರು, ಮಾತ್ರೆಯನ್ನೂ ಬರೆಯಲಿಲ್ಲ, ಬಸ್ಸಿನ ಹಣ ದಂಡ" ಎಂದು ಗೊಣಗುವವರಿದ್ದಾರೆ. ಆ ನೋಡುವುದು, ಮುಟ್ಟುವುದೇ ಕೆಲಸ. ಬಾಯಿಯೊಳಗೆ ಕಣ್ಣಾಡಿಸಿ, ಕುತ್ತಿಗೆಯ ಎರಡೂ ಬದಿ ಬೆರಳಿನಿಂದ ತಡವಿ, ಹೊಸ ಗಂಟಿದೆಯೇ ಎಂದು ನೋಡುತ್ತಾರೆ. ಸಣ್ಣದಾಗಿದ್ದಾಗ ಸಿಕ್ಕಿದರೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯವಾಗುತ್ತದೆ. ಪ್ರತಿ ಸಲವೂ ಸ್ಕ್ಯಾನ್ ಬೇಕಾಗಿಲ್ಲ. ತಾರೀಕಿನ ಮಧ್ಯೆ ಹೊಸ ಹುಣ್ಣು, ಗಂಟು, ರಕ್ತ, ನುಂಗಲು ಕಷ್ಟ, ಸ್ವರ ಬದಲಾಗುವುದು ಇವು ಕಂಡರೆ ಮುಂದಿನ ತಾರೀಕಿನವರೆಗೆ ಕಾಯಬೇಡಿ.

ಮರುಕಳಿಸುವುದನ್ನು ನೋಡುವುದಷ್ಟೇ ತಪಾಸಣೆಯ ಉದ್ದೇಶವಲ್ಲ. ಕುತ್ತಿಗೆಗೆ ವಿಕಿರಣವಾದವರಲ್ಲಿ ಥೈರಾಯ್ಡ್ ಗ್ರಂಥಿ ನಿಧಾನವಾಗಿ ಸೋಲುವುದುಂಟು. ಆಯಾಸ, ಚಳಿ ತಡೆಯಲಾಗದಿರುವುದು, ಮಲಬದ್ಧತೆ ಬಂದರೆ ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ. ಆರು ತಿಂಗಳಿಂದ ವರ್ಷಕ್ಕೊಮ್ಮೆ ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ದಿನಕ್ಕೊಂದು ಮಾತ್ರೆಯಿಂದ ಸರಿಹೋಗುತ್ತದೆ. ಬಾಯಿ ತೆರೆಯುವ ವ್ಯಾಯಾಮ ಬಿಟ್ಟರೆ ದವಡೆ ಹಿಡಿದುಕೊಳ್ಳುತ್ತದೆ. ಮರದ ಚಪ್ಪಟೆ ಕಡ್ಡಿಗಳನ್ನು ಹಲ್ಲುಗಳ ನಡುವೆ ಇಟ್ಟು ದಿನಗಳೆದಂತೆ ಒಂದೊಂದು ಹೆಚ್ಚಿಸುವ ಕ್ರಮವನ್ನು ಅಲ್ಲಿಯೇ ಕಲಿಸಿಕೊಡುತ್ತಾರೆ.

ರೈತರಿಗೆ ಮುಖ್ಯವಾದದ್ದು ಭುಜ. ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಭುಜವನ್ನು ಎತ್ತುವ ನರ ಸೊರಗಬಹುದು, ಆಗ ತೋಳು ತಲೆಯ ಮೇಲಕ್ಕೆ ಏಳದು. ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಿಂದಲೇ ಹೇಳಿಕೊಟ್ಟ ವ್ಯಾಯಾಮ ಮಾಡಿದವರು ಬಹುಮಟ್ಟಿಗೆ ಸುಧಾರಿಸುತ್ತಾರೆ. ಬೆನ್ನಿಗೆ ಔಷಧದ ಪಂಪು ಹೊತ್ತುಕೊಳ್ಳುವ, ಮರ ಹತ್ತುವ, ಕೊಕ್ಕೆಯಿಂದ ಗೊನೆ ಎಳೆಯುವ ಮುನ್ನ ವೈದ್ಯರನ್ನು ಕೇಳಿ. "ಏನು ಕೆಲಸ ಮಾಡುತ್ತೀರಿ?" ಎಂದು ಅವರು ಕೇಳಿದಾಗ "ಕೃಷಿ" ಎಂದಷ್ಟೇ ಹೇಳದೆ ಮರ ಹತ್ತುತ್ತೇನೆ, ಹೊರೆ ಹೊರುತ್ತೇನೆ ಎಂದು ಬಿಡಿಸಿ ಹೇಳಿದರೆ ಸರಿಯಾದ ಸಲಹೆ ಸಿಗುತ್ತದೆ. ವಿಕಿರಣವಾದ ಚರ್ಮಕ್ಕೆ ಬಿಸಿಲು ತಾಗಬಾರದು. ಮುಟ್ಟಾಳೆ ತಲೆಯನ್ನಷ್ಟೇ ಕಾಯುತ್ತದೆ, ಕುತ್ತಿಗೆಗೆ ಒಂದು ಮೆತ್ತನೆಯ ಬೈರಾಸು ಸುತ್ತಿಕೊಳ್ಳಿ.

ಎಲೆಯಡಿಕೆ, ಹೊಗೆಸೊಪ್ಪು, ಬೀಡಿ ಮತ್ತೆ ಮುಟ್ಟಬಾರದು. ಒಮ್ಮೆ ಕ್ಯಾನ್ಸರ್ ಬಂದ ಬಾಯಿಯಲ್ಲಿ ಇನ್ನೊಂದು ಜಾಗದಲ್ಲಿ ಹೊಸದಾಗಿ ಹುಟ್ಟುವ ಸಂಭವವೂ ಇದೆ. ಮನೆಯವರೂ ರೋಗಿಯ ಎದುರಿಗೆ ಹರಿವಾಣ ಇಡದಿರುವುದು ಒಳ್ಳೆಯದು. ಚಟ ಬಿಡಲು ಕಷ್ಟವಾದರೆ ಅದಕ್ಕೂ ಆಸ್ಪತ್ರೆಯಲ್ಲಿ ಸಲಹೆ ಮತ್ತು ಔಷಧ ಉಂಟು.

ಕೊನೆಗೆ ಕಾಗದಪತ್ರಗಳ ವಿಚಾರ. ಚೂರು ಪರೀಕ್ಷೆಯ ವರದಿ, ಶಸ್ತ್ರಚಿಕಿತ್ಸೆಯ ನಂತರದ ವರದಿ, ಬಿಡುಗಡೆಯ ಚೀಟಿ, ಎಷ್ಟು ವಿಕಿರಣ ಕೊಟ್ಟರೆಂಬ ಸಾರಾಂಶ, ಸ್ಕ್ಯಾನಿನ ತಟ್ಟೆ, ಇವನ್ನು ಮಳೆನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜಮೀನಿನ ಪಹಣಿ ಇಡುವಲ್ಲಿಯೇ ಇಡಿ. ಬೇರೆ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಕೇಳಬೇಕೆನಿಸಿದರೆ ಕೇಳಬಹುದು, ಮೊದಲಿನ ವೈದ್ಯರಿಗೆ ಅದರಿಂದ ಅವಮಾನವಿಲ್ಲ. ಆದರೆ ಅದಕ್ಕೆ ವಾರಕ್ಕಿಂತ ಹೆಚ್ಚು ಹೊತ್ತು ಕಳೆಯಬೇಡಿ. ಹೋಗುವಾಗ ವರದಿಯ ಜೊತೆಗೆ ಗಾಜಿನ ಪಟ್ಟಿ ಮತ್ತು ಮೇಣದಲ್ಲಿಟ್ಟ ಚೂರನ್ನೂ ಪ್ರಯೋಗಶಾಲೆಯಿಂದ ಕೇಳಿ ಪಡೆದು ಒಯ್ಯಿರಿ. ಅವಿದ್ದರೆ ಅನೇಕ ವೇಳೆ ಮತ್ತೊಮ್ಮೆ ಚೂರು ತೆಗೆಯಬೇಕಾಗುವುದಿಲ್ಲ.